ರಾಮಾಚಾರಿ ಸಾಯಲೇಬೇಕಿತ್ತೇ?

ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಬರುವ ಪತ್ರಗಳಲ್ಲಿ ಸುತ್ತಿ ಬಳಸಿ ಒಂದೇ ಪ್ರಶ್ನೆ. 2018ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿನಿಮಾ ಮತ್ತೆ ಬಿಡುಗಡೆಯಾದ ಮೇಲಂತೂ ಕಾಲೇಜಿನ ಹುಡುಗರೂ ಇದನ್ನೇ ಕೇಳುತ್ತಿದ್ದಾರೆ. ಈ ಸಲ ವಿವರವಾಗಿ ಉತ್ತರಿಸುತ್ತೇನೆ. ಮತ್ತೆ ಕೇಳುವವರು ದಯವಿಟ್ಟು ಇದನ್ನು ಓದಿಕೊಂಡು ಕೇಳಿ.

ಪ್ರಶ್ನೆ: ಕಾದಂಬರಿಯ ಕೊನೆಯನ್ನು ಪುಟ್ಟಣ್ಣ ಕೆಡಿಸಿದರಂತೆ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಕಾದಂಬರಿಕಾರ ತರಾಸು ಅವರೇ ಬೇಸರಪಟ್ಟಿದ್ದರಂತೆ. ಕಥಾನಾಯಕ ರಾಮಾಚಾರಿಯನ್ನು ಸಾಯಿಸುವ ಅಗತ್ಯವಿತ್ತೇ? (ಹೊಳಲ್ಕೆರೆ)

ಉತ್ತರ: ಯಾವ ಕಾದಂಬರಿಯ ಕೊನೆ? 1972ರ ಆ ಚಿತ್ರಕ್ಕೆ ಆಧಾರ ಮೂರು ಕಾದಂಬರಿಗಳು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಓದದೆ ‘ಕೆಡಿಸಿದರು’ ಎಂದು ತೀರ್ಪು ಕೊಡುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಮೂರು ಪುಸ್ತಕಕ್ಕೆ ಮೂರು ಮುಕ್ತಾಯ, ಸಿನಿಮಾಕ್ಕೆ ಒಂದೇ. ಓದುಗ ಒಂದನ್ನು ಮುಚ್ಚಿಟ್ಟು, ನಾಲ್ಕು ದಿನ ಬಿಟ್ಟು ಇನ್ನೊಂದನ್ನು ಹಿಡಿಯಬಹುದು. ಥಿಯೇಟರಿನಲ್ಲಿ ಕೂತವನಿಗೆ ಇಂಟರ್‌ವಲ್ ಬಿಟ್ಟರೆ ಬಿಡುವಿಲ್ಲ. ಹಾಗಾಗಿ ಎಲ್ಲ ಎಳೆಗಳನ್ನೂ ಒಂದೇ ಗಂಟಿಗೆ ತಂದು ಕಟ್ಟುವುದು ನಿರ್ದೇಶಕನಿಗೆ ಅನಿವಾರ್ಯ. ಆ ಗಂಟು ಕಾದಂಬರಿಯಂತೆಯೇ ಇದೆಯೇ ಎನ್ನುವುದಕ್ಕಿಂತ, ಸಿನಿಮಾ ತಾನೇ ಮೊದಲಿನಿಂದ ತೋರಿಸಿದ್ದಕ್ಕೆ ಅದು ಹೊಂದುತ್ತದೆಯೇ ಎಂದು ನೋಡಬೇಕು.

ಪುಟ್ಟಣ್ಣ ಇಡೀ ಚಿತ್ರವನ್ನು ನಿಲ್ಲಿಸಿರುವುದು ರಾಮಾಚಾರಿಯ ಗುರು ಚಾಮಯ್ಯ ಮೇಷ್ಟರ ಮೇಲೆ. ಹೆತ್ತವರ ಮಾತಿಗೆ ಬಗ್ಗದ ಹುಡುಗ ಮೇಷ್ಟರ ಮಾತಿಗೆ ಬಗ್ಗುತ್ತಾನೆ. ಅದೇ ಮಾತಿಗಾಗಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಆಕೆಯ ಬದುಕು ಯಾವ ಗತಿಗೆ ಬಂತು ಎಂಬುದನ್ನು ಕಣ್ಣಾರೆ ಕಾಣುತ್ತಾನೆ. ಅದನ್ನು ಕಂಡವನ ಎದುರಿಗೆ, ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲೂ ಅದೇ ಗುರು ಅಡ್ಡ ನಿಂತರೆ ಅವನು ಹೇಗೆ ಬಗ್ಗಿಯಾನು? ಮೇಷ್ಟರು ಬಂಡೆಯಿಂದ ಬೀಳುವ ಕ್ಷಣಕ್ಕೆ ಬೇಕಾದ ನೋವನ್ನೆಲ್ಲ ಸಿನಿಮಾ ಮೊದಲೇ ತುಂಬಿಟ್ಟಿದೆ. ಮೇಷ್ಟರಾಗಿ ನಟಿಸಿದ ಕೆ.ಎಸ್. ಅಶ್ವತ್ಥ್ ಅವರ ಮುಖವನ್ನು ಆ ದೃಶ್ಯದಲ್ಲಿ ಗಮನವಿಟ್ಟು ನೋಡಿ. ಶಿಷ್ಯ ಈಗಲೂ ತನ್ನ ಮಾತು ಕೇಳಿಯೇ ಕೇಳುತ್ತಾನೆ ಎಂಬ ನಂಬಿಕೆ ಅಲ್ಲಿದೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಅದರ ಮುಂದಿನ ನಿಮಿಷದಲ್ಲಿ. ರಾಮಾಚಾರಿ, ಮಾರ್ಗರೆಟ್ ಕೈಹಿಡಿದು ಹಾರುವುದು ನನ್ನ ಪ್ರಕಾರ ಸಿನಿಮಾ ಹುಡುಕಿಕೊಂಡ ಸುಲಭದ ದಾರಿ. ಬ್ರಾಹ್ಮಣರ ಹುಡುಗ, ಕ್ರೈಸ್ತರ ಹುಡುಗಿ ಮದುವೆಯಾಗಿ ದುರ್ಗದ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಬಾಳಿದರೆ ಊರು ಅವರನ್ನು ಹೇಗೆ ನೋಡಿಕೊಳ್ಳುತ್ತದೆ? ಕಷ್ಟದ ಪ್ರಶ್ನೆ ಅದು. ಗುರುವನ್ನು ಕೊಂದ ಪಾಪ ಹೊತ್ತು ಬದುಕುವುದು ಇನ್ನೂ ಕಷ್ಟ. ಇಬ್ಬರೂ ಸತ್ತರೆ ಎರಡಕ್ಕೂ ಉತ್ತರ ಹೇಳಬೇಕಿಲ್ಲ. ಮಾರ್ಗರೆಟ್‌ಗಂತೂ ಅಲ್ಲಿ ತನ್ನದೇ ಆದ ಮಾತಿಲ್ಲ, ಅವನ ಜೊತೆಗೆ ಅವಳೂ ಹೋಗುತ್ತಾಳೆ. ಪುಟ್ಟಣ್ಣನವರ ಮೇಲೆ ನನಗಿರುವ ಗೌರವ ದೊಡ್ಡದು, ಅದಕ್ಕೇ ಈ ನಿಮಿಷ ನನ್ನನ್ನು ಚುಚ್ಚುತ್ತದೆ.

ತರಾಸು ಅವರ ಬೇಸರ ಪ್ರಸಿದ್ಧವೇ. ಆದರೆ ಅದನ್ನೇ ಕೊನೆಯ ತೀರ್ಪು ಎಂದುಕೊಳ್ಳಬೇಡಿ. ಅದೇ ಪುಟ್ಟಣ್ಣ ಕಡೆಗಾಲದಲ್ಲಿ ಕೈಗೆತ್ತಿಕೊಂಡದ್ದೂ ತರಾಸು ಅವರದೇ ‘ಮಸಣದ ಹೂವು’. ಅದು 1985ರಲ್ಲಿ ತೆರೆಗೆ ಬಂತು.

ಇನ್ನೊಂದು ಮಾತು. ಕೋಟೆಯ ಬಂಡೆಯ ಅಂಚಿಗೆ ನಿಂತು ಆ ದೃಶ್ಯವನ್ನು ರೀಲ್ಸ್ ಮಾಡುವುದನ್ನು ನಿಲ್ಲಿಸಿ. ಜಾರುವ ಕಲ್ಲು ಅದು. ಪ್ರೀತಿ ನಿಜವಾದರೆ ಸಾಯಬೇಕು ಎಂದು ಹುಡುಗನೊಬ್ಬ ನನಗೆ ಬರೆದಿದ್ದ. ಬದುಕಬೇಕಪ್ಪ, ಬದುಕಿ ಊರನ್ನು ಎದುರಿಸಬೇಕು. ಮನಸ್ಸು ಕುಗ್ಗಿದ್ದರೆ ಮನೆಯವರ ಹತ್ತಿರವೋ ಡಾಕ್ಟರ ಹತ್ತಿರವೋ ಇವತ್ತೇ ಹೇಳಿಕೊ.

ಪ್ರಶ್ನೆ: ಕೊನೆಯನ್ನು ಬದಲಿಸದಿದ್ದರೆ ಜನ ಬರುವುದಿಲ್ಲ ಎಂದು ನಮ್ಮ ಚಿತ್ರಕಥೆ ಶಿಬಿರದಲ್ಲಿ ಕಲಿಸಿದರು. (ದಾವಣಗೆರೆ)

ಉತ್ತರ: ಫೀಸು ವಾಪಸ್ ಕೇಳಿ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಎರಡರಲ್ಲೂ ಚೋಮ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಪುಸ್ತಕದಲ್ಲಿ ಓದುಗ ಊಹಿಸಿಕೊಳ್ಳುವ ಸದ್ದು ತೆರೆಯ ಮೇಲೆ ಎದೆಗೇ ಬಡಿಯುತ್ತದೆ. ಬದಲಿಸಲು ಅಲ್ಲಿ ಏನಿದೆ?

ಪ್ರಶ್ನೆ: ‘ಗೈಡ್’ ಕಾದಂಬರಿಯಲ್ಲಿ ಮಳೆ ಬಂತೋ ಇಲ್ಲವೋ? (ಹರಿಹರ)

ಉತ್ತರ: ಆರ್.ಕೆ. ನಾರಾಯಣ್ 1958ರಲ್ಲಿ ಅದನ್ನು ಬೇಕೆಂದೇ ಹೇಳದೆ ಬಿಟ್ಟರು. ಬೆಟ್ಟದಲ್ಲಿ ಮಳೆಯಾಗುತ್ತಿದೆ ಎಂದು, ಮಳೆಗಾಗಿ ಉಪವಾಸ ಕೂತ ಕಥಾನಾಯಕ ರಾಜುವಿಗೆ ಅನ್ನಿಸುತ್ತದೆ, ಅಷ್ಟೇ. 1965ರ ಸಿನಿಮಾ ಮಳೆ ಸುರಿಸಿ ಅವನನ್ನು ಸಂತನನ್ನಾಗಿ ಮಾಡಿತು. ನನಗೆ ಪುಸ್ತಕದ ಅನುಮಾನವೇ ಹೆಚ್ಚು ಇಷ್ಟ.

ಪ್ರಶ್ನೆ: ಓಬವ್ವ, ರಾಮಾಚಾರಿ ಇಬ್ಬರೂ ದುರ್ಗದಲ್ಲಿ ನಿಜವಾಗಿ ಇದ್ದವರೇ? (ಚಳ್ಳಕೆರೆ)

ಉತ್ತರ: ಓಬವ್ವ ಹೈದರಾಲಿಯ ಕಾಲದವಳು. ರಾಮಾಚಾರಿ ತರಾಸು ಅವರ ಕಲ್ಪನೆ.

ಪ್ರಶ್ನೆ: ಕಾದಂಬರಿಗಳ ಕ್ಲೈಮ್ಯಾಕ್ಸನ್ನು ಹತ್ತು ನಿಮಿಷದಲ್ಲಿ ವಿವರಿಸುವ ಯೂಟ್ಯೂಬ್ ಚಾನೆಲ್ ನೋಡಿದರೆ ಸಾಲದೇ? (ಹಿರಿಯೂರು)

ಉತ್ತರ: ಸಾಲದು. ಅವರಲ್ಲಿ ಎಷ್ಟೋ ಜನ ಸಿನಿಮಾ ನೋಡಿ ಪುಸ್ತಕದ ಕೊನೆ ಹೇಳುತ್ತಾರೆ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ‘ಸರ್ಪಮತ್ಸರ’ ಕೇಳಿ. ಅಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದುಕೊಡಿ.