ಬೇಸಿಗೆ ಕೆರೆಯ ಹಕ್ಕಿಗಳು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಮೇಡಂ, ವಲಸೆ ಹಕ್ಕಿಗಳೆಲ್ಲ ಹೋದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಕುಕ್ಕರಹಳ್ಳಿ ಕೆರೆಗೆ ಕ್ಯಾಮೆರಾ ಹೊತ್ತು ಹೋಗೋದು ದಂಡ ಅಂತಾರೆ ಗೆಳೆಯರು. ನಿಜವೇ?
— ಓದುಗರು, ಮೈಸೂರು

ನಿಮ್ಮ ಗೆಳೆಯರಿಗೆ ಪಟ್ಟೆತಲೆ ಹೆಬ್ಬಾತೇ ಬೇಕು ಅಂತ ಕಾಣುತ್ತದೆ. ಅವು ಈ ಹೊತ್ತಿಗೆ ಹಿಮಾಲಯದಾಚೆಗೆ ಹೊರಟಿರುತ್ತವೆ. ಹಾಗಂತ ಕೆರೆ ಖಾಲಿಯಾಗಿರುವುದಿಲ್ಲ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಜಂಬುಕೋಳಿ ಎಲ್ಲ ಇಲ್ಲೇ ಇರುತ್ತವೆ. ನನ್ನನ್ನು ಕೇಳಿದರೆ ಬೇಸಿಗೆಯೇ ವಾಸಿ. ಮಣ್ಣುಬಣ್ಣದಲ್ಲಿ ಮುದುರಿ ಕೂರುತ್ತಿದ್ದ ಕೊಳದ ಬಕದ ಬೆನ್ನು ಈಗ ಕಡುಗೆಂಪಾಗುತ್ತದೆ. ಗೋವಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದ್ಯಾವ ಹೊಸ ಹಕ್ಕಿ ಅಂತ ಪ್ರತಿ ಮೇನಲ್ಲೂ ಯಾರಾದರೂ ನನಗೆ ಫೋಟೋ ಕಳಿಸುತ್ತಾರೆ.

ಸೆಕೆಯನ್ನು ಹಕ್ಕಿ ಹೇಗೆ ತಡೆದುಕೊಳ್ಳುತ್ತದೆ ಅನ್ನುವುದನ್ನೂ ಈಗಲೇ ನೋಡಬೇಕು. ಹೆಜ್ಜಾರ್ಲೆ ಬಾಯಿ ತೆರೆದು ಗಂಟಲ ಚೀಲವನ್ನು ಪಟಪಟ ಅಲುಗಿಸುತ್ತದೆ. ಬಣ್ಣದ ಕೊಕ್ಕರೆಯ ಕಾಲು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ರೋಗ ಅಂದುಕೊಳ್ಳಬೇಡಿ. ತನ್ನ ಹಿಕ್ಕೆಯನ್ನು ತಾನೇ ಕಾಲ ಮೇಲೆ ಬಿಟ್ಟುಕೊಂಡಿರುತ್ತದೆ. ಅದರ ನೀರು ಆರುತ್ತಾ ಕಾಲಿನ ರಕ್ತ ತಂಪಾಗುತ್ತದೆ. ಇದು ಅಸಹ್ಯ ಅನ್ನುವವರು ಚಳಿಗಾಲಕ್ಕೇ ಬರಲಿ!

ದುಬಾರಿ ಲೆನ್ಸ್ ಕೊಂಡರೂ ಕೆರೆ ಮಧ್ಯದ ಹಕ್ಕಿಗಳು ಮಸುಕಾಗಿಯೇ ಬರುತ್ತವೆ. ಬೆಳ್ಳಕ್ಕಿಯಂತೂ ಬರೀ ಬಿಳಿ ಚುಕ್ಕೆ. ಲೆನ್ಸಿನದೇ ದೋಷವೇ?
— ಓದುಗರು, ದಾವಣಗೆರೆ

ಎಷ್ಟು ಹೊತ್ತಿಗೆ ಹೋಗಿದ್ರಿ ಅಂತ ಬರೆದಿಲ್ಲ. ಹತ್ತು ಗಂಟೆಗೆ ಇರಬೇಕು, ಅಲ್ವಾ? ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಅಲುಗುತ್ತಿರುತ್ತದೆ. ದೂರದ ಹಕ್ಕಿಯ ಬೆಳಕು ಆ ಗಾಳಿ ದಾಟಿಯೇ ಬರಬೇಕು. ಇನ್ನೂ ದೊಡ್ಡ ಲೆನ್ಸ್ ಹಾಕಿದರೆ ಆ ಅಲುಗಾಟವೇ ದೊಡ್ಡದಾಗಿ ಕಾಣುತ್ತದೆ ಅಷ್ಟೆ. ನಾನು ಆರಕ್ಕೆಲ್ಲ ಏರಿ ಮೇಲೆ ಇರುತ್ತೇನೆ. ಎಂಟಾಯಿತೋ, ಕ್ಯಾಮೆರಾ ಚೀಲಕ್ಕೆ, ನಾನು ಇಡ್ಲಿಗೆ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಲ್ಲಿ, ಸೂರ್ಯ ಬೆನ್ನಿಗಿರುತ್ತಾನೆ.

ಬೆಳ್ಳಕ್ಕಿ ವಿಷಯ ಬೇರೆ. ಕಪ್ಪು ನೀರನ್ನು ನೋಡಿದ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಗರಿಯ ಎಳೆ ಎಳೆಯೂ ಕಾಣುತ್ತದೆ. ಹಾರುವಾಗ ಶಟರ್ ವೇಗ 1/2000 ಸೆಕೆಂಡ್ ಇರಲಿ.

ಕ್ಯಾಮೆರಾ ಇಲ್ಲ, ಫೋನ್ ಮಾತ್ರ ಇದೆ.
— ಓದುಗರು, ಹಾಸನ

8×42 ಬೈನಾಕ್ಯುಲರ್ ಕೊಳ್ಳಿ (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು). ಮೊದಲು ನೋಡೋದು ಕಲಿಯಿರಿ, ಫೋಟೋ ಆಮೇಲೆ.

ನಮ್ಮೂರ ಕೆರೆ ಅರ್ಧ ಬತ್ತಿದೆ. ಒಣಗಿದ ಅಂಗಳದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಹತ್ತಿರ ಹೋದರೆ ಕಿರುಚಿಕೊಂಡು ಮೇಲೆರಗುತ್ತದೆ. ಮೊಟ್ಟೆ ಮೇಲೆ ಕೂತ ಫೋಟೋ ತೆಗೆಯೋದು ಹೇಗೆ?
— ಓದುಗರು, ಚಿತ್ರದುರ್ಗ

ದಯವಿಟ್ಟು ಹತ್ತಿರ ಹೋಗಬೇಡಿ. ಅದಕ್ಕೆ ಗೂಡು ಅನ್ನುವಂಥದ್ದೇ ಇಲ್ಲ. ನೆಲದಲ್ಲೊಂದು ತಗ್ಗು, ಒಂದಿಷ್ಟು ಕಲ್ಲುಚೂರು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ನಡುಮಧ್ಯಾಹ್ನ ಅದು ಮೊಟ್ಟೆಗೆ ಕಾವು ಕೊಡುತ್ತಿರುವುದಿಲ್ಲ, ನೆರಳು ಕೊಡುತ್ತಿರುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಒದ್ದೆ ಹೊಟ್ಟೆಯಲ್ಲೇ ಮೊಟ್ಟೆ ಮೇಲೆ ಕೂರುತ್ತದೆ. ನೀವು ಅಲ್ಲಿ ನಿಂತಷ್ಟು ಹೊತ್ತೂ ಅದು ವಾಪಸ್ ಬರಲ್ಲ, ಮೊಟ್ಟೆ ಸುಡುವ ನೆಲದಲ್ಲಿ ಬೇಯುತ್ತದೆ. ಕಾಗೆ, ನಾಯಿಗೂ ದಾರಿ ತೋರಿಸಿದಂತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕವೇ.

ದೂರದ ಜಾಲಿ ಮರದ ನೆರಳಲ್ಲಿ ಸುಮ್ನೆ ಕೂತುಬಿಡಿ. ಕಿರುಚಾಟ ನಿಲ್ಲದಿದ್ದರೆ ಇನ್ನೂ ಹಿಂದೆ ಸರಿಯಿರಿ. ಹಕ್ಕಿ ತಾನಾಗಿ ಬಂದು ಕೂತರೆ ಅದೇ ನಿಮ್ಮ ಜಾಗ. ಫೋಟೋದಲ್ಲಿ ಹಕ್ಕಿ ಚಿಕ್ಕದಾಗಿ ಬರುತ್ತದೆ, ಬರಲಿ. ಅದಕ್ಕಿಂತ ನೀರಂಚಿನಲ್ಲಿ ಹೊಟ್ಟೆ ಅದ್ದುವುದನ್ನು ತೆಗೆಯಿರಿ, ಅಂಥ ಫೋಟೋ ಎಲ್ಲರ ಹತ್ತಿರ ಇರಲ್ಲ. ಹಂಚಿಕೊಳ್ಳುವಾಗ ಕೆರೆಯ ಹೆಸರು ಹಾಕಬೇಡಿ. ಮೊಟ್ಟೆ ಒಡೆಯಲು ಸುಮಾರು 28 ದಿನ ಬೇಕು. ಹುಟ್ಟಿದ ಮರಿಗಳು ಬೇಗನೇ ತಗ್ಗು ಬಿಟ್ಟು ಓಡಾಡುತ್ತವೆ. ಆಮೇಲೆ ಒಂದು ಪತ್ರ ಬರೆಯಿರಿ, ಎಷ್ಟು ಉಳಿದವು ಅಂತ.