ವಿಶೇಷ ಶಿಕ್ಷಣ ಸಲಹಾ ಸಮಿತಿ ಒಂದು ಮಗುವಿನ ದೂರು ಕೇಳುತ್ತದೆಯೇ?

ಮಗನ ಐಇಪಿಯಲ್ಲಿ (ಅವನಿಗಾಗಿಯೇ ಶಾಲೆ ಬರೆದ ವೈಯಕ್ತಿಕ ಶಿಕ್ಷಣ ಯೋಜನೆ) ಬರೆದಷ್ಟು ಸಹಾಯ ಸಿಗ್ತಿಲ್ಲ, ಶಾಲಾ ಬೋರ್ಡಿನ ವಿಶೇಷ ಶಿಕ್ಷಣ ಸಲಹಾ ಸಮಿತಿಗೆ ದೂರು ಕೊಡಬಹುದಾ ಅಂತ ಕೇಳಿದ್ದೀರಿ. ಒಂಟಾರಿಯೊದಲ್ಲಿ ಈ ಸಮಿತಿ ಒಂದು ಮಗುವಿನ ವಿಷಯ ತೀರ್ಮಾನಿಸುವುದಿಲ್ಲ ಮೇಡಂ. ನಿಮ್ಮ ದೂರನ್ನು ಮೊದಲು ಟೀಚರ್‌ಗೆ, ಪ್ರಿನ್ಸಿಪಾಲ್‌ಗೆ, ಆಮೇಲೆ ಬೋರ್ಡಿನ ಸೂಪರಿಂಟೆಂಡೆಂಟ್‌ಗೆ ಹೇಳಿ. ಮಾತಾಡಿದ್ದನ್ನೆಲ್ಲ ಇಮೇಲ್‌ನಲ್ಲೂ ಹಾಕಿಡಿ, ದಯವಿಟ್ಟು. ಮೇಲ್ಮನವಿ ಇರುವುದು ಐಪಿಆರ್‌ಸಿ (ಮಗುವಿಗೆ ವಿಶೇಷ ಶಿಕ್ಷಣ ಬೇಕೇ, ಯಾವ ಬಗೆಯ ತರಗತಿಯಲ್ಲಿ ಅಂತ ನಿರ್ಧರಿಸುವ ಬೇರೆ ಸಮಿತಿ) ತೀರ್ಮಾನದ ಮೇಲೆ, ಐಇಪಿ ಮೇಲಲ್ಲ.

ಹಾಗಂತ ಸಲಹಾ ಸಮಿತಿಯನ್ನು ಕೈಬಿಡಬೇಡಿ. ಬೋರ್ಡಿನ ವಿಶೇಷ ಶಿಕ್ಷಣ ಯೋಜನೆಯ ವಾರ್ಷಿಕ ಪರಿಶೀಲನೆಯಲ್ಲಿ, ಬಜೆಟ್‌ನಲ್ಲಿ ಅದಕ್ಕೆ ಮಾತಾಡುವ ಹಕ್ಕಿದೆ. 464/97ನೇ ನಿಯಮದ ಪ್ರಕಾರ ಶಾಲಾ ವರ್ಷಕ್ಕೆ ಕನಿಷ್ಠ 10 ಸಭೆ ನಡೆಯಬೇಕು, ನೀವೂ ಹೋಗಿ ಕೂತು ಕೇಳಬಹುದು. ಸ್ಥಳೀಯ ಪೋಷಕರ ಸಂಘಗಳ ಪ್ರತಿನಿಧಿಗಳು ಅಲ್ಲಿರುತ್ತಾರೆ. ಅವರಲ್ಲೊಬ್ಬರನ್ನು ಹಿಡಿದು ಮಾತಾಡಿ. ತರಗತಿಯಲ್ಲಿ ಸಹಾಯಕರೇ ಇಲ್ಲ ಅನ್ನುವುದು ಹತ್ತು ಮನೆಯ ಕಥೆಯಾದರೆ ಅವರು ಅದನ್ನು ಸಭೆಯಲ್ಲಿ ಎತ್ತಬಹುದು.