ಬಸ್ ಚಾಲಕರಿಗೆ 8 ಗಂಟೆ ಡ್ಯೂಟಿ ಅಂತ ಕಾನೂನೇ ಇರುವಾಗ ಕೆಲಸದ ಸಮಯಕ್ಕೆ ಇಷ್ಟು ಜಗಳ ಯಾಕೆ?

ಕಾನೂನಿದೆ, ಸಂಘ ಇದೆ, ಸಂಬಳದ ಮಾತುಕತೆಯೂ ನಡೆಯುತ್ತದೆ, ಹಾಗಿದ್ದೂ ಬಸ್ ನೌಕರರು ಮುಷ್ಕರಕ್ಕೆ ಯಾಕೆ ಇಳಿಯುತ್ತಾರೆ ಅಂತ ಕೇಳಿದ್ದೀರಿ. ನಾನು ಸಾರಿಗೆ ನೌಕರರ ಸಂಘವೊಂದರಲ್ಲಿ ಡ್ಯೂಟಿ ಲೆಕ್ಕದ ತಕರಾರುಗಳನ್ನು ನೋಡಿಕೊಳ್ಳುತ್ತಿದ್ದವನು. ನಾನು ಕಂಡ ಮಟ್ಟಿಗೆ ಜಗಳ ಇರುವುದೇ ಯಾವ 8 ಗಂಟೆ ಅನ್ನುವುದರಲ್ಲಿ.

ಬೆಳಿಗ್ಗೆ ಶಾಲೆ, ಆಫೀಸಿನ ಹೊತ್ತಿಗೆ ಬಸ್ ಜಾಸ್ತಿ ಬೇಕು. ಮಧ್ಯಾಹ್ನ ಅಷ್ಟು ಬೇಡ. ಸಂಜೆ ಮತ್ತೆ ಬೇಕು. ಹಾಗಾಗಿ ಆಡಳಿತದವರು ಸ್ಪ್ಲಿಟ್ ಡ್ಯೂಟಿ ಹಾಕುತ್ತಾರೆ. 6ಕ್ಕೆ ಹತ್ತಿ 10ಕ್ಕೆ ಇಳಿ, ಮತ್ತೆ 2ಕ್ಕೆ ಹತ್ತಿ 6ಕ್ಕೆ ಇಳಿ. ಕಾಗದದ ಮೇಲೆ ಸರಿಯಾಗಿ 8 ಗಂಟೆ. ಓಡಾಟ ಸೇರಿಸಿದರೆ ಮನೆಯಿಂದ ಹೊರಗಿದ್ದದ್ದು 12 ಗಂಟೆಗೂ ಜಾಸ್ತಿ. ಮನೆ ದೂರ ಇದ್ದವರು ನಡುವಿನ 4 ಗಂಟೆ ಎಲ್ಲಿ ಕಳೆಯಬೇಕು? ಆ ಹೊತ್ತಿಗೆ ಸಂಬಳವೂ ಇಲ್ಲ ಅಂದರೆ ಅದು ಯಾರ ಸಮಯ?

ಕಾನೂನು ಬರೆದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತು. ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕು ಅಂದಿತು. ಡ್ಯೂಟಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಟ್ಟು ಸ್ಪ್ರೆಡ್ ಓವರ್, ಅಂದರೆ ಡ್ಯೂಟಿ ಶುರುವಾದಾಗಿನಿಂದ ಮುಗಿಯುವವರೆಗೆ ಬಿಡುವೂ ಸೇರಿದ ಹೊತ್ತು, 12 ಗಂಟೆ ದಾಟಬಾರದು ಅಂತಲೂ ಇತ್ತು. ಆದರೆ ಅದರಲ್ಲೇ ಇನ್ನೊಂದು ಸಾಲು ಇತ್ತು. ಟರ್ಮಿನಲ್‌ನಲ್ಲಿ ಸುಮ್ನೆ ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಕೆಲಸದ ಲೆಕ್ಕಕ್ಕೆ ಬರುತ್ತದೆ ಅಂತ. ಅದಕ್ಕಿಂತ ಜಾಸ್ತಿ ಕಾದರೆ? ಇಂಥ ಒಂದು ಸಾಲಿನ ಮೇಲೆ ಎಷ್ಟು ವಾದ ಹುಟ್ಟಬಹುದು ಅಂತ ನೀವೇ ಊಹಿಸಿ. ಯುರೋಪಿಯನ್ ಒಕ್ಕೂಟದ 2006ರ ನಿಯಮವೂ ಹೀಗೇ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಆದರೆ 50 ಕಿಲೋಮೀಟರ್ ಒಳಗಿನ ದಿನನಿತ್ಯದ ರೂಟ್‌ಗಳಿಗೆ ಅದು ಅನ್ವಯಿಸುವುದಿಲ್ಲ. ನಗರದ ಬಸ್ಸುಗಳು ಬಹುಪಾಲು ಅಲ್ಲೇ ಹೊರಗುಳಿದವು. ಅವರಿಗೆ ಸಿಗುವ ಬಿಡುವು ಆಯಾ ದೇಶದ ಕಾನೂನು, ಸಂಘ ಮಾಡಿಕೊಂಡ ಒಪ್ಪಂದ ಎಷ್ಟು ಗಟ್ಟಿ ಅನ್ನುವುದರ ಮೇಲಿದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ರನ್ನಿಂಗ್ ಟೈಮ್. ಒಂದು ಟ್ರಿಪ್ ಮುಗಿಸಲು ಎಷ್ಟು ನಿಮಿಷ ಅಂತ ಕಚೇರಿಯಲ್ಲಿ ಬರೆಯುತ್ತಾರಲ್ಲ, ಅದು. ರಸ್ತೆಯಲ್ಲಿ ವಾಹನ ಹೆಚ್ಚಾಯಿತು, ಸಿಗ್ನಲ್ ಹೆಚ್ಚಾಯಿತು, ಆದರೆ ಶೆಡ್ಯೂಲ್‌ನಲ್ಲಿ ಹಳೆಯ ನಿಮಿಷಗಳೇ ಉಳಿದಿರುತ್ತವೆ. ತಡವಾದ ನಿಮಿಷಗಳನ್ನು ಚಾಲಕ ಎಲ್ಲಿಂದ ತರಬೇಕು? ಟರ್ಮಿನಲ್‌ನ ಬಿಡುವಿನಿಂದ. ಬಸ್ ತಲುಪುವಷ್ಟರಲ್ಲಿ ಮುಂದಿನ ಟ್ರಿಪ್‌ನ ಹೊತ್ತಾಗಿರುತ್ತದೆ. ಊಟ ಇಲ್ಲ, ಬೆನ್ನು ನೆಟ್ಟಗೆ ಮಾಡಲು ಸಮಯ ಇಲ್ಲ, ಶೌಚಕ್ಕೂ ಇಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಶೌಚಾಲಯವೇ ಇರುವುದಿಲ್ಲ. ಡ್ಯೂಟಿ ಇದೆ ಅಂತ ನೀರು ಕುಡಿಯುವುದನ್ನೇ ಬಿಟ್ಟ ಮಹಿಳಾ ಕಂಡಕ್ಟರ್‌ಗಳನ್ನು ನಾನು ನೋಡಿದ್ದೇನೆ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಷ್ಕರ ಮಾಡದೆ ಸಂಘಗಳು ಬಳಸುವ ಒಂದು ದಾರಿ ಇದೆ, ನಿಯಮದಂತೆ ಕೆಲಸ. ವೇಗದ ಮಿತಿ ಮೀರುವುದಿಲ್ಲ, ಬಾಗಿಲು ಮುಚ್ಚದೆ ಬಸ್ ಎಳೆಯುವುದಿಲ್ಲ, ದೋಷ ಇರುವ ಬಸ್ ಹೊರಗೆ ತೆಗೆಯುವುದಿಲ್ಲ, ಸಿಗಬೇಕಾದ ಬಿಡುವು ತಪ್ಪಿಸಿಕೊಳ್ಳುವುದಿಲ್ಲ. ಇಷ್ಟಕ್ಕೇ ವೇಳಾಪಟ್ಟಿ ಕುಸಿದರೆ, ಅದು ನಿಂತಿದ್ದದ್ದು ನಿಯಮ ಮುರಿಯುವುದರ ಮೇಲೆ ಅಂತ ಆಯಿತಲ್ವಾ? ಅಪಘಾತ ಆದ ದಿನ ಮಾತ್ರ ಅದೇ ನಿಯಮ ಚಾಲಕನ ಮೇಲೆ ಬೀಳುತ್ತದೆ.

ಇದು ದೇಹದ ಮೇಲೂ ಕಾಣುತ್ತದೆ. 1953ರಲ್ಲಿ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಅವರ ಜೊತೆಗಾರರು ಲಂಡನ್ನಿನ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಓಡಾಡುತ್ತಾ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ಸ್ಟಾಕ್‌ಹೋಮ್‌ನಲ್ಲಿ ಒಂದು ರೂಟ್‌ಗೆ ಬಸ್ ಪಥ, ಸಿಗ್ನಲ್‌ನಲ್ಲಿ ಆದ್ಯತೆ ಮುಂತಾದ ಸುಧಾರಣೆ ಮಾಡಿದಾಗ ಚಾಲಕರ ಒತ್ತಡ ಇಳಿದದ್ದನ್ನು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರಸ್ತೆ ಸರಿಹೋದರೆ ನಿಮ್ಮ ಪ್ರಯಾಣವೂ ಬೇಗ ಮುಗಿಯುತ್ತದೆ.

ಸಾರಿಗೆ ಅಗತ್ಯ ಸೇವೆ, ಮುಷ್ಕರವನ್ನೇ ನಿಷೇಧಿಸಿ ಅನ್ನುವವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿಗಳು ಇದನ್ನು ಒಪ್ಪಿಲ್ಲ. ಬೇಕಾದರೆ ಕನಿಷ್ಠ ಸೇವೆ ಇರಲಿ, ಆದರೆ ನಗರ ಸಾರಿಗೆಯಲ್ಲಿ ಮುಷ್ಕರದ ಹಕ್ಕನ್ನೇ ಕಿತ್ತುಕೊಳ್ಳುವಂತಿಲ್ಲ ಅನ್ನುವುದು ಅವರ ನಿಲುವು. ನನಗೂ ಅದೇ ಸರಿ ಅನಿಸುತ್ತದೆ. ಪ್ರಯಾಣಿಕರ ಕಷ್ಟ ನಿಜ, ಅದು ನೌಕರರಿಗೂ ಗೊತ್ತು. ಜಪಾನಿನ ಒಕಯಾಮಾದಲ್ಲಿ 2018ರಲ್ಲಿ ಚಾಲಕರು ಬಸ್ ಸೇವೆ ನಿಲ್ಲಿಸದೆಯೇ ಮುಷ್ಕರ ಮಾಡಿ ತೋರಿಸಿದರು. ಎಂದಿನಂತೆ ಓಡಿಸಿದರು, ಟಿಕೆಟ್ ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ನೀವು ಏನಾದರೂ ಮಾಡಬೇಕು ಅನಿಸಿದರೆ ಇದೊಂದು ಮಾಡಿ. ಬಸ್ ತಡವಾದಾಗ ದೂರು ಕೊಡಿ, ಖಂಡಿತ ಕೊಡಿ. ಆದರೆ ಚಾಲಕರ ಮೇಲಲ್ಲ, ವೇಳಾಪಟ್ಟಿಯ ಮೇಲೆ. ರೂಟ್ ನಂಬರ್, ಯಾವ ದಿನ, ಯಾವ ಹೊತ್ತು, ಎಷ್ಟು ನಿಮಿಷ ತಡ, ಇಷ್ಟು ಬರೆಯಿರಿ. ರನ್ನಿಂಗ್ ಟೈಮ್ ಸಾಲದು ಅಂತ ಸಂಘ ಹೇಳಿದರೆ ಆಡಳಿತದವರು ಅದನ್ನು ಸೋಮಾರಿತನ ಅಂದುಬಿಡುತ್ತಾರೆ. ಅದೇ ಮಾತು ಪ್ರಯಾಣಿಕರ ದೂರಿನಲ್ಲಿ ತಿಂಗಳುಗಟ್ಟಲೆ ಬಂದಾಗ ಶೆಡ್ಯೂಲ್ ತಿದ್ದಿದ್ದನ್ನು ನಾನು ಕಂಡಿದ್ದೇನೆ.